ಪ್ರದರ್ಶನಕ್ಕಲ್ಲದ ಕಾರು

ಮಕ್ಕಳೇ, ಮೊನ್ನೆ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ತಿರುವುವಾಗ ಅದರ ಹಿಂದಿನಿಂದ ಒಂದು ಚೂರು ಕಾಗದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳುವುದಕ್ಕೆ ನನಗೆ ಈಗ ಎರಡು ನಿಮಿಷ ಬೇಕು. ಎತ್ತಿ ನೋಡಿದರೆ ಕಾಗದದ ತುಂಬ ಪೆನ್ಸಿಲ್ಲಿನ ಕಪ್ಪು, ಕಪ್ಪಿನ ನಡುವೆ ಬೆಳ್ಳಗೆ ಎದ್ದ ಕೆಲವು ಅಂಕೆಗಳು. ನಮ್ಮ ಕಾರಿನ ಚಾಸಿಸ್ ನಂಬರು. ಕಾರಿನೊಳಗೆ ತಗಡಿನ ಮೇಲೆ ಒತ್ತಿರುವ ನಂಬರಿಗೆ ಕಾಗದ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಆರ್.ಟಿ.ಓ. ಕಚೇರಿಯಲ್ಲಿ ಕಾರಿಗೆ ಹೆಬ್ಬೆಟ್ಟು ಒತ್ತಿಸಿದ ಹಾಗೆ ಅದು.

ನನ್ನ ತವರೂರು ಕಳಲೆಯ ಶಾಲೆಯಲ್ಲಿ ನಾವೂ ಹೀಗೆ ಮಾಡುತ್ತಿದ್ದೆವು. ನಾಣ್ಯವನ್ನು ಹಾಳೆಯ ಕೆಳಗಿಟ್ಟು ಪೆನ್ಸಿಲ್ ಉಜ್ಜಿದರೆ ಹಾಳೆಯ ಮೇಲೆ ದುಡ್ಡು ಮೂಡುತ್ತಿತ್ತು. ಒಂದು ದಿನ ಮೇಷ್ಟ್ರು ನನ್ನ ಪುಸ್ತಕ ತೆಗೆದು ನೋಡಿ, “ಏನಮ್ಮಾ, ಟಂಕಸಾಲೆ ಇಟ್ಟಿದೀಯಾ?” ಎಂದು ತರಗತಿಯ ಮುಂದೆ ನಿಲ್ಲಿಸಿದರು. ನಿಜವಾಗಿ ಉಜ್ಜಿದವಳು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ. ಅದನ್ನು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ. ಆ ಬಾಯಿ ಇವತ್ತಿಗೂ ಅಷ್ಟೇ. ಹೇಳಬೇಕಾದ ಮಾತು ಗಂಟಲಿನವರೆಗೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ.

ಈ ಕಾಗದದ ಕಥೆ ನಿಮಗೆ ಅರ್ಧ ಗೊತ್ತು. ತಾತನ ಕಾರನ್ನು ವಿಂಟೇಜ್ ಎಂದು ನೋಂದಣಿ ಮಾಡಿಸಬೇಕೆಂದು ಚಿನ್ಮಯಿ ತಾನು ದುಡಿದ ಮೊದಲ ಸಂಬಳದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದಳು. ಎಲ್ಲ ಆಗಿ, ಕೊನೆಯ ರುಜು ಹಾಕುವ ಹೊತ್ತಿಗೆ ಈ ಅಜ್ಜಿ ಒಲ್ಲೆ ಎಂದಳು. ಕಟ್ಟಿದ ಹಣ ವಾಪಸು ಬರುವುದಿಲ್ಲವಂತೆ. “ಪರವಾಗಿಲ್ಲ ಬಿಡಿ ಅಜ್ಜಿ” ಎಂದಳು ಚಿನ್ಮಯಿ. ಅವಳು ಕೂಗಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಂದಿನಿಂದ ಫೋನು ಮಾಡಿದರೆ ಊಟ ಆಯಿತಾ, ಮಾತ್ರೆ ತಗೊಂಡಿರಾ, ಅಷ್ಟೇ. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಯಲ್ಲಿ ಆಗದ್ದು ಕೈಯಲ್ಲಾದರೂ ಆದೀತೆಂದು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ನಂಜನಗೂಡಿಗೆ ಬಂದು ಸ್ವಲ್ಪ ವರ್ಷವಾದ ಮೇಲೆ ನಿಮ್ಮ ತಾತ ಆ ಅಂಬಾಸಿಡರ್ ಕಾರು ತಂದರು. ಮೈಸೂರಿನ ಒಬ್ಬ ಡಾಕ್ಟರು ಓಡಿಸಿ ಬಿಟ್ಟಿದ್ದ ಗಾಡಿ. ನಂಬರು ಎಂ.ವೈ. ಎಂದು ಶುರುವಾಗುತ್ತದೆ, ನಮ್ಮ ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂಬ ಹೆಸರು ಬರದಿದ್ದ ಕಾಲದ್ದು. ತಾತನದು ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಕಾರಿನ ಡಿಕ್ಕಿಯಲ್ಲಿ ಬೇವಿನ ಹಿಂಡಿಯ ಮೂಟೆ, ಹಿಂದಿನ ಸೀಟಿನಲ್ಲಿ ನಾನು. ಮದುವೆ ಮನೆಗೆ ಹೋಗಿ ಇಳಿದರೆ ನನ್ನ ರೇಷ್ಮೆ ಸೀರೆಯೂ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಒಮ್ಮೆ ಬನ್ನೂರಿನಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ಬರುವಾಗ ನನಗೆ ದಾರಿಯಲ್ಲಿ ಒಂದು ಕಡೆ ಇಳಿಯಲೇಬೇಕಾಗಿತ್ತು. ಮಜ್ಜಿಗೆ ಜಾಸ್ತಿ ಕುಡಿದಿದ್ದೆ. ಮುಂದೆ ಮಾವನವರು ಕೂತಿದ್ದರು. ಹೇಗೆ ಹೇಳುವುದು? ಬನ್ನೂರಿನಿಂದ ನಂಜನಗೂಡಿನವರೆಗೆ ಒಂದೊಂದು ಮೈಲಿಗಲ್ಲನ್ನೂ ನೋಡುತ್ತಾ ಬಂದೆ. ಮನೆ ಮುಂದೆ ಕಾರು ನಿಲ್ಲುತ್ತಲೂ ನಾನು ಓಡಿದ ಓಟ ನೋಡಿ ಮಾವನವರು, “ಸೊಸೆಗೆ ಮನೆ ಅಂದ್ರೆ ಎಷ್ಟು ಆಸೆ ನೋಡು” ಎಂದರಂತೆ.

ಪ್ರತಿ ಆಯುಧಪೂಜೆಗೆ ಕಾರನ್ನು ತೊಳೆದು ಪೂಜೆ ಮಾಡುವುದು ನನ್ನ ಕೆಲಸ. ಮೊದಲ ವರ್ಷ ಬಾನೆಟ್ಟಿನ ಮೇಲೆ ವಿಭೂತಿ ಎಳೆದು, ಗಂಧ ಕುಂಕುಮ ಇಟ್ಟೆ. ಬಿಸಿಲಿಗೆ ಬಣ್ಣದ ಮೇಲೆ ಕಲೆ ಬಿತ್ತು. ತಾತ ಮುಖ ಸಣ್ಣ ಮಾಡಿಕೊಂಡು, “ಇನ್ಮೇಲೆ ಒಳಗಡೆ ಎಲ್ಲಾದ್ರೂ ಇಡು” ಎಂದರು. ಬಾನೆಟ್ ಎತ್ತಿದರೆ ಒಳಗೆ ಎಲ್ಲಾ ಎಣ್ಣೆ, ಜಿಡ್ಡು. ಒಂದೇ ಒಂದು ಕಡೆ ಅಂಗೈ ಅಗಲದ ಚೊಕ್ಕಟ ತಗಡು ಇತ್ತು. ದೇವರ ಫೋಟೋಕ್ಕೆ ಹೇಳಿ ಮಾಡಿಸಿದಂಥ ಜಾಗ. ಅಂದಿನಿಂದ ಪ್ರತಿ ವರ್ಷ ಅದರ ಮೇಲೆ ಮೂರು ಬೆರಳು ವಿಭೂತಿ, ನಡುವೆ ಗಂಧ, ಅದರ ಮೇಲೆ ಕುಂಕುಮ. ಹಳೆಯದನ್ನು ಒರೆಸಬಾರದೆಂದು ಅದರ ಮೇಲೇ ಹೊಸದು. ನೆನಪಿಟ್ಟುಕೊಳ್ಳಿ ಎನ್ನುವುದಿಲ್ಲ, ಇದು ಮುಂದೆ ತಾನಾಗಿಯೇ ಕೆಲಸಕ್ಕೆ ಬರುತ್ತದೆ.

ಮೊದಲು ನಮ್ಮ ಅಕ್ಕನ ವಿಷಯ. ದೇವಮ್ಮಣ್ಣಿ, ನನಗಿಂತ ಆರು ವರ್ಷ ದೊಡ್ಡವಳು, ಟಿ. ನರಸೀಪುರಕ್ಕೆ ಕೊಟ್ಟದ್ದು. ಅವಳು ನನ್ನ ಹಾಗಲ್ಲ, ನನ್ನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸಿದವಳು. ಹತ್ತು ವರ್ಷದಿಂದ ಅವಳ ಮಂಡಿ ಮಡಚುವುದಿಲ್ಲ. ಆಟೋ ಕುಲುಕಾಟಕ್ಕೆ ಸೊಂಟ ಹಿಡಿಯುತ್ತದೆ. ಬಸ್ಸಿನ ಮೆಟ್ಟಿಲು ಹತ್ತಲಾರಳು. ಈಗಿನ ಕಾರುಗಳ ಸೀಟು ತಗ್ಗು, ಕೂರಬೇಕಾದರೆ ಮಂಡಿ ಮಡಚಬೇಕು, ಏಳಬೇಕಾದರೆ ಇಬ್ಬರು ಎತ್ತಬೇಕು. ಅವಳ ಮಗನ ಹೊಸ ಕಾರಿನಲ್ಲಿ ಒಂದು ಸಲ ಕೂತು, ಇಳಿಯಲಾಗದೆ, “ನನ್ನ ಇದರ ಜೊತೇಲೇ ಮಾರ್ಬುಡು” ಎಂದಳಂತೆ. ನಮ್ಮ ಅಂಬಾಸಿಡರಿನ ಸೀಟು ಎತ್ತರ, ಬಾಗಿಲು ಅಗಲ. ಬೆನ್ನು ತಿರುಗಿಸಿ ನಿಂತು ಹಾಗೇ ಹಿಂದಕ್ಕೆ ಒರಗಿದರೆ ಸಾಕು, ಕೂತಹಾಗಾಯಿತು. ಕಾಲು ಚಾಚಲು ಜಾಗ. ತಾತ ಇದ್ದಾಗ ತಿಂಗಳಿಗೊಂದು ಸೋಮವಾರ ನಾವು ನರಸೀಪುರಕ್ಕೆ ಹೋಗಿ ಅವಳನ್ನು ಕೂರಿಸಿಕೊಂಡು ಕಪಿಲೆ ಕಾವೇರಿ ಕೂಡುವ ಸಂಗಮದವರೆಗೆ ಒಯ್ಯುತ್ತಿದ್ದೆವು. ಇಳಿಯುವುದೇನಿಲ್ಲ. ನೀರು ಕಾಣುವ ಹಾಗೆ ಕಾರು ನಿಲ್ಲಿಸಿ, ಬಾಗಿಲು ತೆರೆದು, ಚುರುಮುರಿ ತಿಂದು, ಊರಿನವರೆಲ್ಲರ ಗುಣದೋಷ ವಿಚಾರಿಸಿ ವಾಪಸು ಬರುವುದು. ಅವಳ ಮಟ್ಟಿಗೆ ತಿಂಗಳಲ್ಲಿ ಮನೆಯ ಹೊಸಿಲು ದಾಟುವುದು ಅದೊಂದೇ ದಿನ.

“ಬಂತಾ ನಿನ್ ಗಂಡನ ಆನೆ?” ಎನ್ನುವಳು, ದೂರದಿಂದ ಹಾರ್ನ್ ಸದ್ದು ಕೇಳಿಸಿದ ಕೂಡಲೆ.

ತಾತ ಹೋದ ಮೇಲೂ ಅದು ನಡೆಯಿತು. ಕಾರು ಓಡಿಸಲು ಮಾದಪ್ಪ ಇದ್ದ. ಅವನು ನಮ್ಮ ಬೀದಿಯ ಕೊನೆಯ ಗ್ಯಾರೇಜಿನವನು, ಈ ಕಾರಿನ ಹೊಟ್ಟೆಯೊಳಗೇ ಮೀಸೆ ನರೆಸಿಕೊಂಡವನು. ಹೀಗೆ ಮೂರು ವರ್ಷ. ಒಂದು ಸೋಮವಾರ ನರಸೀಪುರ ಇನ್ನೇನು ಬಂತು ಎನ್ನುವಾಗ ಪೊಲೀಸರು ಕೈ ಅಡ್ಡ ಹಾಕಿದರು.

“ಆರ್.ಸಿ. ತೋರ್ಸಿ. ಯಾರ್ ಹೆಸರಲ್ಲಿದೆ ಇದು?”

“ನಮ್ ಯಜಮಾನ್ರ ಎಸ್ರಲ್ಲಿ ಸಾ” ಎಂದ ಮಾದಪ್ಪ.

“ಎಲ್ಲಿ ಅವ್ರು?”

ಮಾದಪ್ಪ ಒಂದು ಬೆರಳು ಮೇಲಕ್ಕೆ ತೋರಿಸಿದ. ಪೊಲೀಸಿನವರು ಟೋಪಿ ಸರಿಮಾಡಿಕೊಂಡು ಪುಸ್ತಕ ತಿರುವಿದರು. “ಹೋದವರ ಹೆಸರಲ್ಲಿ ಗಾಡಿ ಓಡಿಸ್ತಾ ಇದೀರಲ್ಲಾ, ಜೊತೆಗೆ ಆರ್.ಸಿ. ಅವಧಿಯೂ ಮುಗಿದುಹೋಗಿದೆ. ಅಮ್ಮಾ, ಇವತ್ತು ದಂಡ ಕಟ್ಟಿ ಹೋಗಿ. ಕಾಗದ ಸರಿಮಾಡಿಸದೆ ಇನ್ನು ಇದನ್ನ ರಸ್ತೆಗೆ ತರಬೇಡಿ” ಎಂದರು. ಒಳ್ಳೆಯ ಮನುಷ್ಯ, ಗದರಲಿಲ್ಲ. ನಾನು ಮಾತ್ರ ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ಆ ದಿನ ಕಾರು ಹಿತ್ತಲಿನ ಶೆಡ್ಡು ಸೇರಿತು.

ಅಲ್ಲಿಂದ ಶುರುವಾಯಿತು ನೋಡಿ ಕಾಗದದ ಸಂಸಾರ. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ತಾತ ಅದನ್ನು ತಪ್ಪದೆ ಮಾಡಿಸುತ್ತಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಈಗ ಇಪ್ಪತ್ತು ವರ್ಷ ದಾಟಿದ ಕಾರಿಗೆ ಶುಲ್ಕವೇ ಹತ್ತು ಸಾವಿರ. ಅದರ ಮೇಲೆ ಹಸಿರು ತೆರಿಗೆ. ಅದರ ಮೇಲೆ ತಡಮಾಡಿದ ತಿಂಗಳುಗಳ ದಂಡ. ಇನ್ಶೂರೆನ್ಸ್, ಹೊಗೆಯ ಸರ್ಟಿಫಿಕೇಟ್. ಇವೆಲ್ಲಕ್ಕೂ ಮೊದಲು ಕಾರು ನನ್ನ ಹೆಸರಿಗೆ ಬರಬೇಕು. ಅದಕ್ಕೆ ಮರಣ ಪತ್ರ, ವಾರಸುದಾರರ ಪತ್ರ, ಮಕ್ಕಳ ಒಪ್ಪಿಗೆಯ ಪತ್ರ. ನಾಡಕಚೇರಿಗೆ ಹೋಗಿ ಬಂದೆ, ಮೈಸೂರಿಗೆ ಹೋಗಿ ಬಂದೆ. ಒಂದು ಕಡೆ ತಾತನ ಹೆಸರು ಉದ್ದ, ಇನ್ನೊಂದು ಕಡೆ ಗಿಡ್ಡ, ಎರಡೂ ಒಬ್ಬರೇ ಎಂದು ನಾನು ಪ್ರಮಾಣ ಮಾಡಬೇಕು. ನಲವತ್ತೆಂಟು ವರ್ಷ ಜೊತೆಗಿದ್ದ ಮನುಷ್ಯನನ್ನು ಛಾಪಾ ಕಾಗದದ ಮೇಲೆ ಗುರುತು ಹಿಡಿದುಕೊಟ್ಟೆ.

“ಗುಜರಿಗೆ ಹಾಕಮ್ಮ, ಅದಕ್ಕೂ ಈಗ ಸರ್ಕಾರ ಪತ್ರ ಕೊಡುತ್ತೆ” ಎಂದ ನಿಮ್ಮಪ್ಪ. ಅವನದು ತಪ್ಪಲ್ಲ. ನನ್ನ ಓಡಾಟ ನೋಡಲಾರದೆ ಹೇಳಿದ. ಆದರೂ ಒಪ್ಪಿಗೆ ಪತ್ರಕ್ಕೆ ರುಜು ಹಾಕಿಕೊಟ್ಟ.

ಆಗ ಚಿನ್ಮಯಿ ಬಂದಳು. ಮೈಸೂರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಒಂದು ತಿಂಗಳಾಗಿತ್ತು. ಫೋನಿನಲ್ಲಿ ಏನೋ ಓದಿ ಕುಣಿಯುತ್ತಾ ಬಂದಳು.

“ಅಜ್ಜಿ, ಐವತ್ತು ವರ್ಷ ದಾಟಿದ ಕಾರಿಗೆ ಬೇರೆ ನಿಯಮ ಇದೆ! ವಿಂಟೇಜ್ ಅಂತ. ಒಂದ್ಸಲ ಇಪ್ಪತ್ತು ಸಾವಿರ, ಹತ್ತು ವರ್ಷಕ್ಕೆ ಚಿಂತೆ ಇಲ್ಲ. ಹಳೇ ನಂಬರ್ ಹಾಗೇ ಇರುತ್ತೆ. ಗುಜರಿಗೆ ಹಾಕಿ ಅಂತ ಯಾರೂ ಬಾಯಿ ತೆಗೆಯೋ ಹಾಗಿಲ್ಲ. ತಾತನ ಕಾರಿಗೆ ಮರ್ಯಾದೆ ಅಜ್ಜಿ, ಮರ್ಯಾದೆ!”

“ಓಡಿಸಬಹುದು ತಾನೆ?” ಎಂದೆ ನಾನು.

“ಓಡಿಸದೆ? ರ್‍ಯಾಲಿಗೆಲ್ಲಾ ಹೋಗಬಹುದು!”

ರ್‍ಯಾಲಿ ಎಂದರೆ ಏನೆಂದು ನಾನು ಕೇಳಲಿಲ್ಲ. ಸಾಲಾಗಿ ಹೋಗುವುದಿರಬೇಕು, ನಮ್ಮ ಕಾರಿನ ಹಿಂದೆ ಯಾರಾದರೂ ಬರಲಿ, ನರಸೀಪುರಕ್ಕೆ ಹೋದರೆ ಸಾಕು ಎಂದುಕೊಂಡೆ. ಕೇಳದೆ ಇದ್ದದ್ದು ನನ್ನ ತಪ್ಪು. ಅವಳ ಮುಖದ ಸಂಭ್ರಮ ನೋಡಿ ತಲೆಯಾಡಿಸಿದ್ದು ಇನ್ನೊಂದು ತಪ್ಪು. ಅವಳು ಫೋನಿನಲ್ಲೇ ಅರ್ಜಿ ತುಂಬಿದಳು, ಹಣ ಕಟ್ಟಿದಳು. ಕಾರಿನ ಫೋಟೋ ನಾಲ್ಕೂ ಕಡೆಯಿಂದ ತೆಗೆದಳು. ಆ ತಿಂಗಳುಗಳಲ್ಲಿ ನಾನು ಬಸ್ಸಿನಲ್ಲಿ ಅಕ್ಕನ ಮನೆಗೆ ಹೋಗಿ ಬರುತ್ತಿದ್ದೆ. ನಾನು ಹೋಗಬಲ್ಲೆ, ಅವಳು ಎಲ್ಲಿಗೂ ಬರಲಾರಳು. ಗೋಡೆಗೆ ಮುಖ ಮಾಡಿ ಮಲಗಿಕೊಂಡು, “ನೀನು ಬಂದೇನು ಬಂತಮ್ಮಿ, ಆನೆ ಬರ್ನಿಲ್ವಲ್ಲಾ” ಎನ್ನುತ್ತಿದ್ದಳು. ಬಸ್ಸಿನ ಕಿಟಕಿಯಲ್ಲಿ ಕೂತು ನನಗೆ ಒಂದೇ ಯೋಚನೆ. ನಮ್ಮ ಮನೆಯ ಹಿಂದೆ ಹರಿಯುವ ಕಪಿಲೆ ದಿನವೂ ಅಕ್ಕನ ಊರಿಗೆ ಹೋಗುತ್ತದೆ, ಅದನ್ನು ಯಾರೂ ಫಾರಂ ಕೇಳುವುದಿಲ್ಲ.

ತಪಾಸಣೆಯ ದಿನ ಮಾದಪ್ಪ ಕಾರನ್ನು ಎಳೆಸಿಕೊಂಡು ಮೈಸೂರಿಗೆ ತಂದ. ನಾನು, ಚಿನ್ಮಯಿ ಬೆಳಿಗ್ಗೆಯೇ ಹೋಗಿ ಆರ್.ಟಿ.ಓ. ಕಚೇರಿಯ ಬೇವಿನ ಮರದ ಕೆಳಗೆ ಕಾದೆವು. ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರು ಬಂದರು. ನಡುವಯಸ್ಸು, ಕನ್ನಡಕ, ಬಿಸಿಲಿಗೆ ದಣಿದ ಮುಖ. ಕಾರನ್ನು ಸುತ್ತು ಹಾಕಿ, ಬಾಗಿಲು ತೆರೆದು ಮುಚ್ಚಿ, “ಚೆನ್ನಾಗಿಟ್ಟಿದೀರಿ” ಎಂದರು. ಬಾನೆಟ್ ಎತ್ತಿಸಿ, ಕಾಗದ ಪೆನ್ಸಿಲ್ ತೆಗೆದು ಚಾಸಿಸ್ ನಂಬರು ಹುಡುಕಿದರು. ಹುಡುಕಿದರು, ಮತ್ತೆ ಹುಡುಕಿದರು.

“ಚಾಸಿಸ್ ನಂಬರೇ ಇಲ್ವಲ್ರೀ. ಇಲ್ಲೇನಿದು ಕೆಂಪಗೆ? ಪೇಂಟ್ ಬಳಿದಿದೀರಾ?”

ಅದೇ ನನ್ನ ಚೊಕ್ಕಟ ತಗಡು. ಅಂಗೈ ದಪ್ಪಕ್ಕೆ ವಿಭೂತಿ, ಗಂಧ, ಕುಂಕುಮ ಗಟ್ಟಿಯಾಗಿ ಕಲ್ಲಿನ ಹಾಗೆ ಕೂತಿತ್ತು.

ಮಾದಪ್ಪ ತಲೆ ಕೆರೆದುಕೊಂಡ. “ಪೇಂಟಲ್ಲ ಸಾ, ಪೂಜೆ. ಅಮ್ಮಾರು ವರ್ಸಾ ವರ್ಸಾ ಅಲ್ಲಿಗೇ ಹಾಕೋರು. ನಾನೂ ಅದು ದೇವ್ರು ಅಂತ್ಲೇ ಮುಟ್ತಿರ್ನಿಲ್ಲ. ಯಜಮಾನ್ರ ಕಾಲ್ದಲ್ಲಿ ಯಾರೂ ಬಾನೆಟ್ ಎತ್ತಿ ನೋಡ್ತಿರ್ನಿಲ್ಲ ಸಾ.”

“ಅಜ್ಜೀ!” ಎಂದಳು ಚಿನ್ಮಯಿ, ನಗಬೇಕೋ ಅಳಬೇಕೋ ತಿಳಿಯದೆ.

“ನಂಬರ್ ಕಾಣದೆ ನಾನು ಬರೆಯೋ ಹಾಗಿಲ್ಲ” ಎಂದರು ಇನ್ಸ್‌ಪೆಕ್ಟರು. “ಕೆರೆದು ತೆಗೀರಿ. ಅಂಕೆ ತಿಂದುಹೋಗಿದ್ರೆ ಬೇರೆ ದಾರಿ ನೋಡಬೇಕಾಗುತ್ತೆ.”

ಮಾದಪ್ಪ ಸ್ಕ್ರೂಡ್ರೈವರ್ ತಂದ. “ಬೇಡ, ಗೀಚಿಹೋಗುತ್ತೆ” ಎಂದು ನಾನೇ ಮುಂದೆ ಹೋದೆ. ಬಟ್ಟೆಗೆ ಸೀಮೆಎಣ್ಣೆ ಹಾಕಿಸಿ ನೆನೆಸಿದೆ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಒಂದೊಂದೇ ಪದರ ಎಬ್ಬಿಸಿದೆ. ಕಾರಿನ ಬಾಯೊಳಗೆ ತಲೆಯಿಟ್ಟು, ಸುತ್ತ ಗಂಡಸರು ನಿಂತು ನೋಡುತ್ತಿರುವಾಗ ಹಾಗೆ ನಾನು ಯಾವತ್ತೂ ನಿಂತವಳಲ್ಲ. ನಾಚಿಕೆ ಎಲ್ಲಿ ಹೋಯಿತೋ. ಮೇಲಿನ ಕುಂಕುಮ ಪುಡಿಯಾಯಿತು, ಕೆಳಗೆ ಬಿಳಿ, ಅದರ ಕೆಳಗೆ ಮತ್ತೆ ಕೆಂಪು. ನನ್ನ ಸಂಸಾರದ ಒಂದೊಂದು ವರ್ಷ ಉಗುರಿನೊಳಗೆ ಸೇರಿಕೊಳ್ಳುತ್ತಿತ್ತು. ಕೊನೆಗೆ ಒಂದು ಏಳು ಕಂಡಿತು. ಆಮೇಲೆ ಒಂದು ಸೊನ್ನೆ. ಎಲ್ಲ ಅಂಕೆಗಳೂ ಇದ್ದವು. ಇನ್ಸ್‌ಪೆಕ್ಟರು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಮೊದಲನೆಯದು ಸ್ವಲ್ಪ ಮಸುಕಾಯಿತೆಂದು ಇನ್ನೊಂದು ತೆಗೆದುಕೊಂಡು, ಮೊದಲಿನದನ್ನು ನನ್ನ ಕೈಗೆ ಕೊಟ್ಟರು. ಆ ಮಸುಕಾದದ್ದೇ ಕ್ಯಾಲೆಂಡರಿನ ಹಿಂದೆ ಇದ್ದದ್ದು.

“ಇಲ್ಲಿ ರುಜು ಹಾಕಿ ಅಜ್ಜಿ” ಎಂದು ಅವರು ಒಂದು ಹಾಳೆ ಚಾಚಿದರು. ಪೆನ್ನು ತೆಗೆದುಕೊಂಡೆ. ಆಗ ಅವರು, ಎಲ್ಲರಿಗೂ ಹೇಳುವ ಹಾಗೆ ಹೇಳಿದರು: “ಗೊತ್ತಲ್ಲ, ವಿಂಟೇಜ್ ಆದ್ಮೇಲೆ ಇದನ್ನ ದಿನದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ ರಸ್ತೆಗೆ ತರಬಹುದು.”

ಪೆನ್ನು ನಿಂತಿತು.

“ನರಸೀಪುರಕ್ಕೆ?” ಎಂದೆ.

“ಅಲ್ಲಿ ಏನು ಪ್ರದರ್ಶನ ಇದೆ?”

“ನಮ್ಮಕ್ಕ.”

ಮಾದಪ್ಪ ಕಿಸಕ್ಕೆಂದ. ಇನ್ಸ್‌ಪೆಕ್ಟರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಅಕ್ಕನ್ನ ನೋಡಕ್ಕೆ ಹೋಗೋದಾದ್ರೆ ಇದು ಆಗಲ್ಲ ಅಜ್ಜಿ. ಮಾಮೂಲಿ ನವೀಕರಣಕ್ಕೇ ಹಾಕಬೇಕು. ಆದರೆ ಫಿಟ್ನೆಸ್ ಪಾಸಾಗಬೇಕು. ಬ್ರೇಕು, ಲೈಟು, ವೈಪರು, ಎಲ್ಲಾ. ಅದೂ ಬರೀ ಐದು ವರ್ಷಕ್ಕೆ. ಇದಾದ್ರೆ ಹತ್ತು. ಯೋಚನೆ ಮಾಡಿ” ಎಂದರು.

“ಐದು ಸಾಕು ಸ್ವಾಮಿ” ಎಂದೆ. “ಅವಳಿಗೆ ಈಗ ಎಪ್ಪತ್ತೊಂಬತ್ತು.”

ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಆಶ್ಚರ್ಯ. ಪೆನ್ನು ವಾಪಸು ಕೊಟ್ಟೆ. ತಿರುಗಿ ನೋಡಿದರೆ ಚಿನ್ಮಯಿ ಫೋನನ್ನು ಚೀಲಕ್ಕೆ ಹಾಕುತ್ತಿದ್ದಳು. ಕಾರಿನ ಪಕ್ಕ ನಾನು ರುಜು ಹಾಕುವ ಫೋಟೋ ತೆಗೆಯಲೆಂದು ಹಿಡಿದುಕೊಂಡಿದ್ದಳು ಅದನ್ನು.

ಚಿನ್ಮಯಿ, ನಿನ್ನ ಮರ್ಯಾದೆಯ ಮಾತು ನನಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡ. ನಿನ್ನ ತಾತನ ಕಾರು ಹೂವಿನ ಹಾರ ಹಾಕಿಕೊಂಡು ನಿಂತಿರುವುದನ್ನು ನೋಡುವ ಆಸೆ ನನಗೂ ಇದೆ. ಆದರೆ ನಿನ್ನ ತಾತ ಯಾವತ್ತೂ ಕಾರನ್ನು ಯಾರಿಗೂ ತೋರಿಸುವುದಕ್ಕೆಂದು ಹೊರಗೆ ತೆಗೆದವರಲ್ಲ. ಬೀದಿಯಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಯಾರ ಮಗುವಿಗಾದರೂ ಜ್ವರ ನೆತ್ತಿಗೇರಿದರೆ, ಹಿಂಡಿ ಮೂಟೆ ಇಳಿಸಿ ಓಡುತ್ತಿದ್ದರು. ಅದನ್ನು ಅಲ್ಲಿ ನಿಂತು ಹೇಳಬೇಕಾಗಿತ್ತು. ನಿನ್ನ ಇಪ್ಪತ್ತು ಸಾವಿರ ಹೋಯಿತಲ್ಲಾ ಎಂಬ ಸಂಕಟದಲ್ಲಿ ಬಸ್ಸು ನಂಜನಗೂಡು ಮುಟ್ಟಿದರೂ ನಾನು ಬಾಯಿ ಬಿಡಲಿಲ್ಲ.

ಆಮೇಲಿನದನ್ನು ಹೇಳುವುದಕ್ಕೂ ನನಗೆ ಆಯಾಸ. ಮಾದಪ್ಪ ವೈಪರಿನ ರಬ್ಬರಿಗಾಗಿ ಮೈಸೂರಿನ ಹಳೆ ಸಾಮಾನಿನ ಅಂಗಡಿಗಳನ್ನೆಲ್ಲ ಅಲೆದ. ಒಂದು ಸಲ ಹೆಡ್‌ಲೈಟು ಓರೆಯಾಗಿದೆ ಎಂದು ವಾಪಸು, ಇನ್ನೊಂದು ಸಲ ಹೊಗೆ ಜಾಸ್ತಿ ಎಂದು ವಾಪಸು. ನಿಯಮ ಮಾಡಿದವರು ಸುಮ್ಮನೆ ಮಾಡಿರುವುದಿಲ್ಲ, ಬ್ರೇಕು ಹಿಡಿಯದ ಕಾರಿನಲ್ಲಿ ಅಕ್ಕನನ್ನು ಕೂರಿಸುವ ಆಸೆ ನನಗೂ ಇಲ್ಲ. ಆದರೂ ಪ್ರತಿ ಸಲ ಮೆಟ್ಟಿಲು ಹತ್ತುವಾಗ ಅನ್ನಿಸುತ್ತಿತ್ತು, ಈ ಕಾರಿಗಿರುವಷ್ಟು ತಪಾಸಣೆ ನನಗೆ ಮಾಡಿದ್ದರೆ ನಾನು ಯಾವತ್ತೋ ಫೇಲಾಗುತ್ತಿದ್ದೆ. ನಾಲ್ಕನೆಯ ಸಲಕ್ಕೆ ಪಾಸಾಯಿತು. ಹೋದ ತಿಂಗಳು ಅಂಚೆಯಲ್ಲಿ ಆರ್.ಸಿ. ಬಂತು. ಸಣ್ಣ ಕಾರ್ಡು. ಮಾಲೀಕರ ಹೆಸರು ಎಂಬಲ್ಲಿ ಪುಟ್ಟಮ್ಮಣ್ಣಿ ಎಂದಿದೆ. ರೇಷನ್ ಕಾರ್ಡು ಬಿಟ್ಟರೆ ನನ್ನ ಹೆಸರು ಮೊದಲಿಗೆ ಬಂದಿರುವುದು ಇದರಲ್ಲೇ.

ಸಂತೋಷಪಡಬೇಕು, ಅಲ್ಲವೇ? ಆ ವಾರವೇ ಮಾದಪ್ಪನ ಕಣ್ಣಿನ ಪೊರೆ ತೆಗೆದರು. ಒಂದು ಕಣ್ಣಿನ ನರವೇ ಸೋತಿದೆ, ಇನ್ನು ಗಾಡಿ ಓಡಿಸಬೇಡ ಎಂದಿದ್ದಾರೆ ಡಾಕ್ಟರು. “ಕಾರ್‌ಗೆ ಫಿಟ್ನೆಸ್ ಕೊಟ್ರು, ನಂಗೆ ಕೊಡ್ನಿಲ್ಲ ಅಮ್ಮಾರೆ” ಎಂದು ನಕ್ಕ, ಕಪ್ಪು ಕನ್ನಡಕದೊಳಗೆ. ಬಾಡಿಗೆ ಡ್ರೈವರನ್ನು ಕರೆಸಿದೆ. ಗೇರು ಸ್ಟೇರಿಂಗಿನ ಪಕ್ಕದಲ್ಲಿರುವುದನ್ನು ನೋಡಿ, “ಇದ್ಯಾವ ಕಾಲದ್ದು ಅಜ್ಜೀ” ಎಂದು ಕೈ ಮುಗಿದು ಹೋದ. ಅಕ್ಕ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಾಳೆ. “ಕಾಗ್ದ ಬಂತು ಅಂದ್ಯಲ್ಲಾ, ಆನೆ ಎಲ್ಲಮ್ಮಿ? ನಾನು ಸತ್ಮೇಲೆ ತತ್ತೀಯಾ?”

ಮಕ್ಕಳೇ, ನಾನು ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದವಳು. ಇಷ್ಟು ಹಾಳೆ ಬರೆದದ್ದು ಒಂದು ಮಾತು ಕೇಳುವುದಕ್ಕೆ, ಅದನ್ನು ಮೊದಲನೇ ಸಾಲಿನಲ್ಲೇ ಕೇಳಬಹುದಾಗಿತ್ತು.

ಚಿನ್ಮಯಿ, ನಿನಗೆ ಲೈಸೆನ್ಸ್ ಇದೆ. ಮಾದಪ್ಪ ಪಕ್ಕದಲ್ಲಿ ಕೂತು ಗೇರು ಹೇಳಿಕೊಡುತ್ತಾನಂತೆ, ಬಾಯಿಗೇನೂ ಪೊರೆ ಬಂದಿಲ್ಲ ಎನ್ನುತ್ತಾನೆ. ಮೊದಲು ನಮ್ಮ ಬೀದಿಯಲ್ಲಿ ನಾಲ್ಕು ಸಲ ತಿರುಗಿಸಿ ನೋಡು, ಆಮೇಲೆ ನಿಧಾನವಾಗಿ ಹೋಗೋಣ. ನಿನ್ನ ಮೇಲೆ ನನ್ನ ಒತ್ತಾಯವಿಲ್ಲ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬಾ, ದಾರಿಯಲ್ಲಿ ಬೈಯಿ, ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ. ಈ ಸೋಮವಾರ ನಿನಗೆ ರಜ ಎಂದು ನಿಮ್ಮಪ್ಪ ಹೇಳಿದ. ಬರುವುದಾದರೆ ಬೇಗ ಬಾ. ನಾವು ಹತ್ತಕ್ಕೆ ಹೊರಟರೂ ಅಕ್ಕ ಏಳು ಗಂಟೆಗೇ ಸೀರೆಯುಟ್ಟು ಜಗುಲಿಯ ಮೇಲೆ ಕೂತಿರುತ್ತಾಳೆ.